ಎಳೆಯ ಬೆರಳುಗಳಿಗೆ ತಂತಿವಾದ್ಯ

ಶಾಲೆಗಳು ಆರಂಭವಾಗುವ ದಿನಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಕಥೋಲಿಕ ಕುಟುಂಬಗಳ ಚರ್ಚೆಯೆಲ್ಲ ಶುಲ್ಕ, ಸಮವಸ್ತ್ರ, ಮನೆಪಾಠಗಳಲ್ಲಿಯೇ ಮುಗಿದುಹೋಗುತ್ತದೆ. ಮಗುವಿನ ಕೈಗೆ ಒಂದು ಪಿಟೀಲನ್ನೋ ವೀಣೆಯನ್ನೋ ಕೊಡುವ ಮಾತು ಬಂದರೆ, "ಅದರಿಂದೇನು ಪ್ರಯೋಜನ?" ಎಂಬ ಪ್ರಶ್ನೆ ಏಳುತ್ತದೆ. ತೆಂಗಿನ ನುಸಿಪೀಡೆಯನ್ನೂ ಕೊಬ್ಬರಿ ಧಾರಣೆಯ ಏರಿಳಿತವನ್ನೂ ಕಂಡುಂಡ ಮನೆಗಳು ಪ್ರತಿ ರೂಪಾಯಿಗೂ ಲೆಕ್ಕ ಕೇಳುವುದು ಸಹಜವೇ. ಆದರೂ ಒಂದರಿಂದ ನಾಲ್ಕನೆಯ ತರಗತಿಯ ಮಕ್ಕಳಿಗೆ ತಂತಿವಾದ್ಯ ಕಲಿಸುವುದು ಶೋಕಿಯಲ್ಲ, ಶಿಕ್ಷಣದ ಅಂಗವೇ ಎಂದು ನಾವು ನಂಬುತ್ತೇವೆ.

ಇಂದು ಅನೇಕ ಧರ್ಮಕೇಂದ್ರಗಳ ಗಾಯನವೃಂದಗಳಲ್ಲಿ ಕೀಬೋರ್ಡಿನದೇ ಆಳ್ವಿಕೆ. ಗುಂಡಿ ಒತ್ತಿದರೆ ಸ್ವರ ಸಿದ್ಧ, ಇನ್ನೊಂದನ್ನು ಒತ್ತಿದರೆ ತಾಳವೂ ಸಿದ್ಧ. (ಆ ತಾಳದ ಗುಂಡಿಯನ್ನು ಕಂಡುಹಿಡಿದವರನ್ನು ದೇವರು ಕ್ಷಮಿಸಲಿ.) ಪಿಟೀಲಿನಲ್ಲಾದರೋ ಮೆಟ್ಟುಗಳೇ ಇಲ್ಲ, ಬೆರಳು ತುಸು ಸರಿದರೂ ಅಪಸ್ವರ. ಸರಿಯಾದ ಸ್ಥಾನವನ್ನು ಮಗು ತನ್ನ ಕಿವಿಯಿಂದಲೇ ಅರಸಬೇಕು. ಜಪಾನಿನ ಶಿನಿಚಿ ಸುಜುಕಿಯವರು (1898–1998), ಮಗು ಮಾತೃಭಾಷೆಯನ್ನು ಕಲಿಯುವಂತೆಯೇ ಸಂಗೀತವನ್ನೂ ಕಲಿಯಬಲ್ಲದೆಂದು ತೋರಿಸಿದರು. ಮೊದಲು ಕೇಳುವುದು, ಬಳಿಕ ನುಡಿಸುವುದು, ಲಿಪಿ ಓದುವುದು ಆಮೇಲೆ. ಪಾಠದ ವೇಳೆ ತಾಯಿಯೋ ತಂದೆಯೋ ಜೊತೆಗಿರುವುದು ಅವರ ಕ್ರಮ. ವರುಷದ ಹತ್ತಿರ ಕಾಯಿಯನ್ನು ಅಟ್ಟದ ಮೇಲಿರಿಸಿ, ಕಿವಿಯ ಬಳಿ ಅಲುಗಿಸಿ, ಒಳಗಿನ ಸದ್ದಿನಿಂದಲೇ ಕೊಬ್ಬರಿಯಾಯಿತೆಂದು ಅರಿಯುವ ನಮ್ಮ ಜನಕ್ಕೆ ಕಿವಿಯ ಬೆಲೆಯನ್ನು ಬೇರೆ ಯಾರು ಹೇಳಿಕೊಡಬೇಕು?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಅರಿಸ್ಟಾಟಲನು ತನ್ನ 'ರಾಜನೀತಿ'ಯ 8ನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡದ್ದು ನೆನಪಿರಬಹುದು. ಇತರರು ನುಡಿಸುವುದನ್ನು ಕೇಳಿದರೆ ಸಾಲದೇ, ಮಕ್ಕಳು ತಾವೇ ಏಕೆ ನುಡಿಸಬೇಕು? ತಾನು ಕೈಯಿಕ್ಕದ ಕೆಲಸದ ಗುಣದೋಷಗಳನ್ನು ಅರಿಯುವುದು ಕಷ್ಟ ಎಂಬುದು ಅವನ ಉತ್ತರ. ಮನೆಯ ಸಾಮಾನುಗಳನ್ನು ಒಡೆಯದಿರಲೆಂದು ಕೂಸಿನ ಕೈಗೆ ಗಿಲಕಿ ಕೊಡುವಂತೆ, ಬೆಳೆಯುವ ಮಕ್ಕಳಿಗೂ ಒಂದು ಗಿಲಕಿ ಬೇಕೆಂದು ಆ ಗಂಭೀರ ಪುರುಷನೂ ಒಪ್ಪುತ್ತಾನೆ. ಆದರೆ ಸ್ಪರ್ಧೆಗಾಗಿ ಕಲಿಸುವುದನ್ನು ಅವನು ಒಪ್ಪುವುದಿಲ್ಲ. ಮೂರು ತಿಂಗಳಲ್ಲಿ ವಾರ್ಷಿಕೋತ್ಸವದ ವೇದಿಕೆ, ಮರುವರ್ಷ ಜೂನಿಯರ್ ಪರೀಕ್ಷೆ ಎಂದು ಅವಸರಪಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ನಮ್ಮ ಧರ್ಮಸಭೆಗೆ ಇದು ಹೊಸತೇನೂ ಅಲ್ಲ. ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಹಳ್ಳಿಯ ಮಕ್ಕಳು ಪ್ರಾರ್ಥನೆಯೊಡನೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿತರು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳನ್ನು ತುಂಬಿದವರಲ್ಲಿ ಅನೇಕರು ಆ ಪರಂಪರೆಯವರು. ಮಾಜೋರ್ಡಾ ಗ್ರಾಮದ ಆಂತೋನಿ ಗೊನ್ಸಾಲ್ವಿಸ್ (1927–2012) ಅವರಲ್ಲೊಬ್ಬರು. ಸಂಗೀತ ನಿರ್ದೇಶಕ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದವರು. 1977ರ 'ಅಮರ್ ಅಕ್ಬರ್ ಆಂತೋನಿ' ಚಿತ್ರದ ಹಾಡಿನಲ್ಲಿ ಬರುವುದು ಈ ಗುರುವಿನ ಹೆಸರೇ.

ನಮ್ಮ ಸೀಮೆಯಲ್ಲಿ ಸಿಗುವ ಶಿಕ್ಷಕರು ಬಹುಮಟ್ಟಿಗೆ ಕರ್ನಾಟಕ ಸಂಗೀತದವರು. ಕೆಲವು ಕುಟುಂಬಗಳು ಹಿಂಜರಿಯುವುದು ಇಲ್ಲಿಯೇ. ಪುರಂದರದಾಸರು ಹಾಕಿಕೊಟ್ಟ ಪಾಠಕ್ರಮದಲ್ಲಿ ಮಲಹರಿ ರಾಗದ ಮೊದಲ ಗೀತೆ ಗಣಪತಿಯ ಸ್ತುತಿ. ನಮ್ಮ ಮಗು ಅದನ್ನು ಕಲಿಯಬಹುದೇ ಎಂದು ಅಂಜುತ್ತಾರೆ. ಸರಳೆ, ಜಂಟಿ ವರಸೆಗಳಲ್ಲಿ ಮಾಸಗಟ್ಟಲೆ ಇರುವುದು ಬರಿಯ ಸ್ವರ. ಮುಂದೆ ಗೀತೆ ಬಂದಾಗಲೂ ಪಾಠವು ಪಾಠವೇ, ಆರಾಧನೆಯಲ್ಲ. ಮನಸ್ಸಿಗೆ ಕಸಿವಿಸಿಯಾದರೆ ಶಿಕ್ಷಕರೊಡನೆ ವಿನಯದಿಂದ ಮಾತನಾಡಬಹುದು. ಮಗುವನ್ನು ಬಿಡಿಸಿಕೊಂಡು ಬರುವುದು ಸಲ್ಲದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ, ಆರಾಧನಾವಿಧಿಯನ್ನು ಕುರಿತ ತನ್ನ ಶಾಸನದಲ್ಲಿ, ಕಥೋಲಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಣವಿರಬೇಕೆಂದೂ ಆಯಾ ಜನಾಂಗದ ಸಂಗೀತ ಪರಂಪರೆಯನ್ನು ಗೌರವಿಸಬೇಕೆಂದೂ ವಿಧಿಸಿತು. ಅದಕ್ಕೂ ಮೊದಲೇ ಮಾಯೂರಂ ವೇದನಾಯಕಂ ಪಿಳ್ಳೆಯವರು (1826–1889) ಕಥೋಲಿಕರಾಗಿದ್ದುಕೊಂಡೇ ಕರ್ನಾಟಕ ಶೈಲಿಯಲ್ಲಿ ಕೀರ್ತನೆಗಳನ್ನು ರಚಿಸಿದರು. ಇನ್ನು ಪಿಟೀಲು ಪಶ್ಚಿಮದಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಮ್ಮ ತಿರುಮಕೂಡಲಿನ ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿಗಳನ್ನು ಕಟ್ಟಿದರು. ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತ ಆ ವಾದ್ಯದ ಜಾತಿಯನ್ನು ಯಾರೂ ಕೇಳಲಿಲ್ಲ.

ಖರ್ಚಿನ ಮಾತು ಉಳಿಯಿತು. ಮೊದಲ ವರ್ಷಕ್ಕೆ ತತ್ತ್ವಪದಕಾರರ ಏಕತಾರಿಯೇ ಸಾಕು, ಶ್ರುತಿ ಹಿಡಿಯುವುದು ಬರುತ್ತದೆ. ಪಿಟೀಲುಗಳನ್ನು ಮನೆಮನೆಯವರು ಕೊಳ್ಳದೆ ಧರ್ಮಕೇಂದ್ರವೇ ನಾಲ್ಕಾರು ಕೊಂಡು ಇರಿಸಲಿ. ಶನಿವಾರ ಒಬ್ಬ ಶಿಕ್ಷಕರು ಬಂದರಾಯಿತು. ನೆರೆಯ ಸರಕಾರಿ ಶಾಲೆಯ ಮಕ್ಕಳೂ ಬಂದು ಕೂಡಲಿ. ಕಾಲು ಅಳತೆಯ ಪಿಟೀಲು ಕೆಲವೇ ವರ್ಷಗಳಲ್ಲಿ ಮಗುವಿಗೆ ಚಿಕ್ಕದಾಗುತ್ತದೆ. ಆಗ ಅದು ಯಾವ ಮನೆಯ ಕಪಾಟಿನಲ್ಲಿಯೂ ಉಳಿಯದೆ ಸಾಲಿನಲ್ಲಿರುವ ಮುಂದಿನ ಮಗುವಿನ ಕೈ ಸೇರುತ್ತದೆ.