ಒಣಗಿಸಿದರೆ ಅಮಲು ಇಂಗೀತೇ?

ಹಿತ್ತಲಲ್ಲಿ ಬೆಳೆದು, ನೆರಳಲ್ಲಿ ಒಣಗಿಸಿ, ಗಾಜಿನ ಭರಣಿಯಲ್ಲಿ ಹದಗೊಳಿಸಿದ ಗಾಂಜಾ ನಿರಪಾಯಕಾರಿ ಎಂಬ ವಾದ ಈಗ ವಿದ್ಯಾವಂತ ಯುವಕರ ಬಾಯಲ್ಲೂ ಕೇಳಿಬರುತ್ತಿದೆ. ಎಂಥ ಆತ್ಮವಂಚನೆ! ಒಣಗಿಸಿದಾಗ ಆರುವುದು ನೀರು, ಅಮಲಲ್ಲ. ಹದಗೊಳಿಸಿದಾಗ ತಗ್ಗುವುದು ಹೊಗೆಯ ಘಾಟು. ಘಾಟು ತಗ್ಗಿದಷ್ಟೂ ಸೇದುವುದು ಸಲೀಸು. 1985ರ ಮಾದಕ ದ್ರವ್ಯ ಕಾಯ್ದೆ ಗಾಂಜಾ ಎನ್ನುವುದು ಈ ಹೂಬಿಟ್ಟ ತುದಿಗಳನ್ನೇ (ಬರಿಯ ಎಲೆಯಾದ ಭಂಗಿಯನ್ನು ಮಾರಲು ರಾಜಸ್ಥಾನದಲ್ಲಿ ಪರವಾನಗಿಯೇ ಸಿಗುತ್ತದೆ!). ಗಿಡ ಬೆಳೆಸಿದವನಿಗೆ 10 ವರ್ಷದವರೆಗೆ ಕಠಿಣ ಸಜೆ. ಹೆತ್ತವರಾದರೋ ಮಾನಕ್ಕಂಜಿ ಮಗನ ಚಟವನ್ನು ಮುಚ್ಚಿಡುತ್ತಾರೆ. ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿಯು ಸರಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಅದೇ ಕಾಯ್ದೆಯ 64ಎ ಕಲಮು ಆತನನ್ನು ಮೊಕದ್ದಮೆಯಿಂದ ಪಾರು ಮಾಡುತ್ತದೆ. ಠಾಣೆಯ ಮೆಟ್ಟಿಲಲ್ಲಿ ನಿಂತ ತಾಯಿಗೆ ಇದನ್ನು ತಿಳಿಸುವವರು ನಮ್ಮಲ್ಲಿ ಎಷ್ಟು ಮಂದಿ?