ಫಾರ್ಮ್ಯಾಟ್ ಮಾಡಿಸುವ ಮುನ್ನ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಈಗ ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಇಡುತ್ತಾರೆ. ಆಳುಗಳ ಹಾಜರಿ, ಬಟವಾಡೆ, ಕ್ಯೂರಿಂಗಿಗೆ ಕಳಿಸಿದ ಚೀಲಗಳು, ಮಂಡಿಗೆ ಹಾಕಿದ ಅಡಿಕೆ, ಕೆಲವರಲ್ಲಿ ಹಿರಿಯರು ಇಂಚು ಸೆಂಟಿನಲ್ಲಿ ಬರೆದಿಟ್ಟ ಮಳೆಯ ಲೆಕ್ಕವೂ ಅಲ್ಲಿ ಸೇರಿದೆ. ವಿಂಡೋಸ್ 10ಕ್ಕೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಹೊಸದನ್ನು ಹಾಕಿಸುವ ಮಾತು ಬಂದೇ ಬರುತ್ತದೆ. ಆಗ ರಿಪೇರಿ ಅಂಗಡಿಯಲ್ಲಿ ಮೊದಲು ಕೇಳಿಬರುವ ಸಲಹೆ, "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್" ಎಂಬುದು. ಅಂಗಡಿಯವರಿಗೆ ಅದು ಸುಲಭ. ಕಳೆದುಹೋಗುವ ಲೆಕ್ಕ ಮಾತ್ರ ನಮ್ಮದು.

ಕ್ವಿಕ್ ಫಾರ್ಮ್ಯಾಟಿನಲ್ಲಿ ಯಾವ ಕಡತ ಎಲ್ಲಿದೆಯೆಂಬ ಸೂಚಿ ಹೋಗುತ್ತದೆಯೇ ಹೊರತು ಬರಹ ಕೂಡಲೇ ಅಳಿಯುವುದಿಲ್ಲ. ಆದರೆ ಹೊಸ ವಿಂಡೋಸ್ ಬಂದು ಕೂರುವುದು ಅದೇ ಜಾಗದ ಮೇಲೆ. ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಆ ಭಾಗದ ಉದ್ದಕ್ಕೂ ಸೊನ್ನೆ ಬರೆಯುವುದೇ ಆಗಿದೆ. (ಹಳೆ ಕಂಪ್ಯೂಟರ್ ಮಾರುವವರಿಗೆ ಇದೇ ಬೇಕು.) ಎಸ್ಎಸ್‌ಡಿ ಇದ್ದರಂತೂ ಕ್ವಿಕ್ ಫಾರ್ಮ್ಯಾಟಿನ ಮೇಲೂ ಕಡತ ಮರಳಿ ಸಿಗುವ ಆಸೆ ಇಡುವಂತಿಲ್ಲ.

"ಡಿ ಡ್ರೈವ್ ಮುಟ್ಟುವುದಿಲ್ಲ" ಎಂಬ ಆಶ್ವಾಸನೆಯನ್ನು ನಂಬಿ ಸುಮ್ಮನಿರಬಾರದು. ಡೆಸ್ಕ್‌ಟಾಪಿನಲ್ಲಿಟ್ಟ ಕಡತಗಳು, ಡಾಕ್ಯುಮೆಂಟ್ಸ್, ಜಾಗ ಬದಲಿಸಿರದಿದ್ದರೆ ಟ್ಯಾಲಿ ಲೆಕ್ಕ, ಎಲ್ಲವೂ ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲೇ. ಪೆನ್‌ಡ್ರೈವಿಗೆ ನಕಲು ಮಾಡಿಸಿ, ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಕಣ್ಣಾರೆ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದ ಕಡತಗಳು ಹೊಸ ವಿಂಡೋಸ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಾಳಾಯಿತೆಂದು ಅಳಿಸಬೇಡಿ, ಆ ಫಾಂಟ್ ಮತ್ತೆ ಹಾಕಿಸಿದರೆ ಕನ್ನಡ ಮೂಡುತ್ತದೆ.

ಫಾರ್ಮ್ಯಾಟೇ ಬೇಡವೆಂದು ನನ್ನ ವಾದವಲ್ಲ. ವೈರಸ್ ಬೇರೂರಿದ್ದರೆ ಅದೇ ಮದ್ದು. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುತ್ತೇವೆ; ಹಾಗೆಂದು ಇಡೀ ತಾಕಿಗೆ ಬೆಂಕಿ ಇಡುವುದಿಲ್ಲ. ನಿಧಾನವಾಯಿತೆಂಬುದಷ್ಟೇ ದೂರಾದರೆ, ಕಡತಗಳನ್ನು ಉಳಿಸಿಕೊಂಡೇ ವಿಂಡೋಸನ್ನು ಮರುಸ್ಥಾಪಿಸುವ ರೀಸೆಟ್ ಸೌಲಭ್ಯ ವಿಂಡೋಸ್ 10 ಮತ್ತು 11ರಲ್ಲಿ ಇದೆ. ಹಾಕಿಸಿಕೊಂಡ ತಂತ್ರಾಂಶಗಳು ಹೋಗುತ್ತವೆ, ಅಷ್ಟೆ. ಅದಕ್ಕೂ ಮುನ್ನ ನಕಲು ಇರಲಿ.

ಈ ವಿಷಯದಲ್ಲಿ ಸಂಘವೂ ಕೈಹಾಕಬೇಕೆಂಬುದು ನನ್ನ ಅಭಿಪ್ರಾಯ. ಕಛೇರಿಯಲ್ಲಿ ಒಂದೆರಡು ಹೊರ ಡಿಸ್ಕ್ ಕೊಂಡಿಟ್ಟು, ರಿಪೇರಿಗೆ ಹೊರಟ ಸದಸ್ಯರಿಗೆ ಒಂದು ವಾರದ ಮಟ್ಟಿಗೆ ಎರವಲು ಕೊಡಲಿ. ಒಬ್ಬರ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳದಂತೆ, ಮರಳಿ ಬಂದೊಡನೆ ಅದನ್ನು ಪೂರ್ಣ ಫಾರ್ಮ್ಯಾಟ್ ಮಾಡಿಡಲಿ. ವಾರ್ಷಿಕ ಮಹಾಸಭೆಯಲ್ಲಿ ಈ ಬಾಬ್ತು ಚರ್ಚೆಗೆ ಬರಲಿ. ಅಲ್ಲಿಯವರೆಗೆ, ಕೊಯ್ಲಿನ ಬಟವಾಡೆ ಮುಗಿಯದೆ ಯಾರೂ ಕಂಪ್ಯೂಟರನ್ನು ಅಂಗಡಿಗೆ ಒಯ್ಯದಿದ್ದರೆ ಒಳ್ಳೆಯದು.