ಎರವಲು ಹೆಸರಿನ ಆಟ: ವರ್ತಕರಿಗೊಂದು ಪಾಠ

ವ್ಯಾಪಾರದಲ್ಲಿ ಬಂಡವಾಳ, ಸರಕು ಮತ್ತು ಗಿರಾಕಿಗಳಷ್ಟೇ ಮಹತ್ವ ಹೆಸರಿಗೂ ಇದೆ. ಆದರೆ ಆ ಹೆಸರಿನ ಒಡೆತನ ಯಾರದೆಂಬ ಪ್ರಶ್ನೆಯನ್ನು ವರ್ತಕರು ಕೇಳಿಕೊಳ್ಳುವುದು ಬಹುತೇಕ ವ್ಯಾಜ್ಯ ಹುಟ್ಟಿದ ನಂತರವೇ. ಈ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಗೆ ತೀರ ಅಪರಿಚಿತವಾದ ವಿದೇಶಿ ಆಟವೊಂದರ ಇತಿಹಾಸವು ಉಪಯುಕ್ತ ಪಾಠ ಒದಗಿಸುತ್ತದೆ.

ಬ್ರಿಟಿಷ್ ಲೇಖಕಿ ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಮೊದಲ ಕಾದಂಬರಿ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಾಂತ್ರಿಕ ಬಾಲಕರು ಪೊರಕೆಯೇರಿ ಆಕಾಶದಲ್ಲಿ ಆಡುವ ಆಟದ ಹೆಸರು ಕ್ವಿಡಿಚ್. ಅಮೆರಿಕದ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ಈ ಕಲ್ಪನೆಯನ್ನು ನೆಲಕ್ಕಿಳಿಸಿದರು. ಆಟಗಾರರು ಕೋಲೊಂದನ್ನು ಕಾಲುಗಳ ನಡುವೆ ಹಿಡಿದೇ ಓಡಬೇಕು. ಎದುರಾಳಿಗಳ ಮೂರು ಬಳೆಗಳ ಪೈಕಿ ಒಂದರಲ್ಲಿ ವಾಲಿಬಾಲ್ ತೂರಿಸಿದರೆ 10 ಅಂಕ. ಬೇರೆ ಚೆಂಡುಗಳಿಂದ ಎದುರಾಳಿಗಳನ್ನು ಹೊಡೆದು ತಡೆಯಬಹುದು. ಓಟಗಾರನೊಬ್ಬನ ಚಡ್ಡಿಯ ಹಿಂಬದಿಗೆ ಕಾಲುಚೀಲದಲ್ಲಿ ಕಟ್ಟಿದ ಟೆನಿಸ್ ಚೆಂಡನ್ನು ಕಿತ್ತುಕೊಂಡವರಿಗೆ ಹೆಚ್ಚಿನ ಅಂಕಗಳು. ಸ್ತ್ರೀಪುರುಷರು ಒಂದೇ ತಂಡದಲ್ಲಿ ಆಡುವುದು ಇದರ ವಿಶೇಷ.

ನಗೆ ತರಿಸುವ ಈ ಆಟ ಶೀಘ್ರವಾಗಿ ಬೆಳೆಯಿತು. 2012ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಐದು ರಾಷ್ಟ್ರಗಳ ಪಂದ್ಯಾವಳಿ ಜರುಗಿತು. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ವಿಶ್ವಕಪ್ಪಿಗೆ 21 ರಾಷ್ಟ್ರಗಳ ತಂಡಗಳು ಬಂದವು. ಅಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನು ಮಣಿಸಿತು. 2018ರಲ್ಲಿ ಇಟಲಿಯ ಫ್ಲಾರೆನ್ಸ್ ಆತಿಥ್ಯ ವಹಿಸಿತು. ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟ ಮುಂದಿನ ವಿಶ್ವಕಪ್ 2023ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ನೆರವೇರಿತು.

ಆದರೆ ರಿಚ್ಮಂಡ್ ತಲುಪುವಷ್ಟರಲ್ಲಿ ಆಟದ ಹೆಸರೇ ಬದಲಾಗಿತ್ತು. ಕ್ವಿಡಿಚ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ವಾರ್ನರ್ ಬ್ರದರ್ಸ್ ಚಲನಚಿತ್ರ ಸಂಸ್ಥೆಯ ಸ್ವತ್ತು. ಆದ್ದರಿಂದ ಪ್ರಾಯೋಜಕರನ್ನು ಪಡೆಯಲು, ಪ್ರಸಾರದ ಹಕ್ಕು ಮಾರಲು ಅಡಚಣೆಯಾಗುತ್ತಿದೆಯೆಂದು ಆಟದ ಸಂಘಟನೆಗಳು ತಿಳಿಸಿದವು. ಲಿಂಗಾಂತರಿಗಳ ಕುರಿತು ಲೇಖಕಿಯ ನಿಲುವುಗಳಿಂದ ದೂರ ಸರಿಯುವುದು ಎರಡನೆಯ ಕಾರಣವಾಗಿತ್ತು. 2022ರ ಜುಲೈನಲ್ಲಿ ಕ್ವಾಡ್‌ಬಾಲ್ ಎಂಬ ಹೊಸ ಹೆಸರನ್ನು ಘೋಷಿಸಲಾಯಿತು. ಹದಿನೇಳು ವರ್ಷ ಬೆವರು ಸುರಿಸಿ ಗಳಿಸಿದ ಹೆಸರನ್ನು ಬಿಟ್ಟು ಹೊರಬಂದಾಗ ಅಂತರರಾಷ್ಟ್ರೀಯ ಸಂಘಟನೆಗೆ ಉಳಿದದ್ದು ಐ.ಕ್ಯೂ.ಎ. ಎಂಬ ಮೂರು ಅಕ್ಷರಗಳು ಮಾತ್ರ.

ಎರವಲು ಹೆಸರಿನಿಂದ ಲಾಭವೇ ಆಗಲಿಲ್ಲವೆಂದು ಹೇಳಲಾಗದು. ಕಾದಂಬರಿಯ ಖ್ಯಾತಿಯಿಲ್ಲದಿದ್ದರೆ ಈ ಆಟದತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಎರವಲು ಹೆಸರು ಕೈಗಡದ ಹಣವಿದ್ದಂತೆ. ಆರಂಭದಲ್ಲಿ ಅದು ಕೈ ಹಿಡಿಯುತ್ತದೆ. ವ್ಯವಹಾರ ಬೆಳೆದಂತೆ ಋಣವೂ ಬೆಳೆಯುತ್ತದೆ.

ಬೇವೂರಿನಂತಹ ಊರಿನ ಅಂಗಡಿಕಾರರಿಗೂ ಈ ಮಾತು ಅನ್ವಯಿಸುತ್ತದೆ. ತಂದೆಯ ಕಾಲದ ಹೆಸರಿನಲ್ಲಿ ಅಣ್ಣತಮ್ಮಂದಿರು ಕೂಡಿ ವ್ಯಾಪಾರ ಮಾಡುತ್ತಾರೆ. ಪಾಲಾಗುವಾಗ ದಾಸ್ತಾನು, ಉದ್ರಿ, ಜಾಗೆ ಎಲ್ಲವನ್ನೂ ಹಂಚಿಕೊಂಡು ಹೆಸರನ್ನು ಮಾತ್ರ ಮರೆಯುತ್ತಾರೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ತಾನೇ ಬೆಳೆಸಿದ ಬ್ರಾಂಡನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಕಾಗದದಲ್ಲಿ ಕಾಣದ ಈ ಆಸ್ತಿಗಾಗಿಯೇ ಮುಂದೆ ಕೋರ್ಟು ಹತ್ತುವ ಪ್ರಸಂಗ ಬರುತ್ತದೆ. ಜಿ.ಎಸ್.ಟಿ. ನೋಂದಣಿಯಾಗಲಿ, ಅಂಗಡಿ ಪರವಾನಿಗೆಯಾಗಲಿ ಹೆಸರಿನ ಒಡೆತನ ಕೊಡುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಅಧಿನಿಯಮದಡಿ ನೋಂದಣಿ ಹತ್ತು ವರ್ಷ ಊರ್ಜಿತದಲ್ಲಿದ್ದು, ಮತ್ತೆ ನವೀಕರಿಸಬಹುದು. 2017ರ ನಿಯಮಗಳು ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕವನ್ನು ಪ್ರತಿ ವರ್ಗಕ್ಕೆ 4,500 ರೂಪಾಯಿ ಎಂದು ನಿಗದಿಪಡಿಸಿವೆ. ಅಂಗಡಿಯ ಫಲಕಕ್ಕೆ ಇದಕ್ಕಿಂತ ಹೆಚ್ಚು ವೆಚ್ಚ ಮಾಡುವವರಿದ್ದಾರೆ.

ಊರಿನ ಹೆಸರಿನ ಸಂಗತಿ ಬೇರೆ. ಕರದಂಟು ಮಾರುವವರು ಅಮೀನಗಡದ ಹೆಸರನ್ನಷ್ಟೇ ನೆಚ್ಚಿಕೊಂಡರೆ ಸಾಲದು. ಕೇವಲ ಸ್ಥಳವನ್ನು ಸೂಚಿಸುವ ಪದವನ್ನು ಒಬ್ಬರ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಮುದಾಯದ ಇಂತಹ ಸ್ವತ್ತಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಇಳಕಲ್ ಸೀರೆಗೆ ಆ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆ ದೊರೆತ ಮಾತ್ರಕ್ಕೆ ಕೈಮಗ್ಗದ ನೇಕಾರನ ಕೈಗೆ ಹಕ್ಕುಪತ್ರ ಬರುವುದಿಲ್ಲ. ಅವನು ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ತೋಪು ತೆನಿ ಸೆರಗು ನೇಯುವವನೊಬ್ಬ, ಆ ಹೆಸರಿನ ಲಾಭ ಉಣ್ಣುವವನು ಮತ್ತೊಬ್ಬ ಎಂಬಂತಾಗುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ವರ್ತಕ ಸಂಘಗಳು ಈ ದಿಶೆಯಲ್ಲಿ ಮುಂದಾಗಬೇಕು. ವರ್ಷಕ್ಕೊಮ್ಮೆ ನೋಂದಣಿ ಶಿಬಿರ ನಡೆಸುವುದು, ಪಾಲುದಾರಿಕೆ ಪತ್ರದಲ್ಲಿ ಹೆಸರಿನ ಒಡೆತನದ ಕಲಮು ಸೇರಿಸುವಂತೆ ಸದಸ್ಯರಿಗೆ ಸೂಚಿಸುವುದು, ನೇಕಾರರ ಅರ್ಜಿಗಳಿಗೆ ನೆರವಾಗುವುದು, ಇವು ಮೂರೂ ಅಲ್ಪ ವೆಚ್ಚದ ಕಾರ್ಯಗಳು. ಕ್ವಾಡ್‌ಬಾಲ್ ಆಟಗಾರರು ಹದಿನೇಳು ವರ್ಷಗಳ ನಂತರ ತಮ್ಮದೇ ಆದ ಹೆಸರನ್ನು ಹುಡುಕಿಕೊಳ್ಳಬೇಕಾಯಿತು. ಜಿಲ್ಲೆಯ ವರ್ತಕರಿಗೆ ಸ್ವಂತ ಹೆಸರು ಈಗಾಗಲೇ ಇದೆ. ಅದನ್ನು ದಾಖಲೆಗೆ ತರುವ ಕೆಲಸ ಮಾತ್ರ ಬಾಕಿ ಉಳಿದಿದೆ.